ಅಮ್ಮಂಗೆ ಹೇಳ್ಬೇಡ

ಹೈಸ್ಕೂಲ್ ವಯಸ್ಸಿನ ಮಕ್ಕಳಿಗಾಗಿ ನಾನು ಸಸ್ಪೆನ್ಸ್ ಕಾದಂಬರಿ ಬರೆಯುತ್ತೇನೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ತಂದು ಓದುತ್ತಿದ್ದ ಮನೆ ನಮ್ಮದು. ಅಪ್ಪ ಓದಿ ಕೆಳಗಿಡುವುದನ್ನೇ ಕಾಯುತ್ತಿದ್ದೆ. ಆದರೆ ಪತ್ತೇದಾರರೆಲ್ಲ ದೊಡ್ಡವರು. ನನಗೆ ಒಂಬತ್ತನೇ ಕ್ಲಾಸಿನ ಹುಡುಗಿ ಬೇಕಿತ್ತು.

ಮೊದಲ ಕಥೆ ಬಸವನಗುಡಿಯ ಕಡಲೆಕಾಯಿ ಪರಿಷೆಯದು. ಕಾರ್ತಿಕದ ಕಡೇ ಸೋಮವಾರ, ಜನರ ನಡುವೆ ಅಕ್ಕನ ಕೈತಪ್ಪಿ ತಮ್ಮ ಕಳೆದುಹೋಗುತ್ತಾನೆ. ವಾಚ್ ಕಟ್ಟಿಕೊಂಡು ನಾನೇ ನಡೆದು ನೋಡಿದೆ. ದೊಡ್ಡ ಗಣಪತಿ ಗುಡಿಯಿಂದ ರಾಮಕೃಷ್ಣ ಆಶ್ರಮದ ಸರ್ಕಲ್‌ಗೆ ಮಾಮೂಲಿ ದಿನ ಕಾಲು ಗಂಟೆ. ಪರಿಷೆಯ ಸಂಜೆ 50 ನಿಮಿಷ ಹಿಡಿಯಿತು. ಕಾಲಡಿ ಸಿಪ್ಪೆ ಚರಚರ ಅನ್ನುತ್ತಿತ್ತು. ಪೀಪಿ ಸದ್ದಿಗೆ ಪಕ್ಕದವರು ಕೂಗಿದರೂ ಕೇಳುತ್ತಿರಲಿಲ್ಲ. ಆ 50 ನಿಮಿಷವೇ ನನ್ನ ಮೊದಲ ಮೂರು ಅಧ್ಯಾಯ.

ಬರೆದದ್ದನ್ನು ಅಕ್ಕನ ಮಗಳಿಗೆ ಕೊಟ್ಟೆ. 42ನೇ ಪುಟಕ್ಕೆ ನಿಲ್ಲಿಸಿದಳು.

"ಚಿಕ್ಕಮ್ಮ, ಇವಳ ಹತ್ರ ಮೊಬೈಲ್ ಇದೆ ಅಲ್ವಾ? ಅಮ್ಮಂಗೆ ಫೋನ್ ಮಾಡಿದ್ರೆ ಮುಗೀತು."

ಬ್ಯಾಟರಿ ಖಾಲಿ ಮಾಡಿಸಿದೆ. ನೆಟ್‌ವರ್ಕ್ ತೆಗೆದೆ. ಅಂಗಡಿಯವರ ಫೋನ್ ಕೇಳ್ಬಹುದಲ್ಲ ಅಂದಳು. ಎರಡು ತಿಂಗಳು ಒಂದು ಸಾಲೂ ಬರೆಯಲಾಗಲಿಲ್ಲ.

ಒಂದು ರಾತ್ರಿ ಅವಳೇ ನನ್ನ ಪಕ್ಕ ಬಂದು ಕೂತು, ಸ್ಕೂಲಿನಲ್ಲಿ ಆದ ಏನನ್ನೋ ಹೇಳಿಕೊಂಡಳು. ಅದು ಅವಳ ಗುಟ್ಟು, ಇಲ್ಲಿ ಬರೆಯುವುದಿಲ್ಲ. ಕೊನೆಗೆ "ಅಮ್ಮಂಗೆ ಹೇಳ್ಬೇಡ" ಅಂದಳು. ಅಮ್ಮ ಪಕ್ಕದ ರೂಮಿನಲ್ಲೇ ಇದ್ದಳು. ಬಾಗಿಲೂ ತೆರೆದೇ ಇತ್ತು.

ಮಾರನೇ ದಿನ ಕಥೆಯ ಹುಡುಗಿಗೆ ಮೊಬೈಲ್ ವಾಪಸ್ ಕೊಟ್ಟೆ, ಫುಲ್ ಚಾರ್ಜ್ ಮಾಡಿ. ತಮ್ಮ ಕಳೆದುಹೋಗುವ ಕಾರಣವನ್ನೂ ಬದಲಿಸಿದೆ. ತಮ್ಮನನ್ನು ಅಂಗಡಿ ಮುಂದೆ ನಿಲ್ಲಿಸಿ ಅವಳು ಹೋಗಿದ್ದು, ಅಮ್ಮ ಬೇಡ ಅಂದಿದ್ದ ಗೆಳತಿಯನ್ನು ನೋಡೋಕೆ. ಈಗ ಅವಳು ಅಮ್ಮನ ನಂಬರ್ ತೆಗೆಯುತ್ತಾಳೆ. ಒತ್ತುವುದಿಲ್ಲ. ಐದು ನಿಮಿಷ ನಾನೇ ಹುಡುಕ್ತೀನಿ ಅಂದುಕೊಳ್ಳುತ್ತಾಳೆ. ಆಮೇಲೆ ಇನ್ನೈದು. ತಡವಾದಷ್ಟೂ ಹೇಳುವುದು ಕಷ್ಟವಾಗುತ್ತದೆ. ಇಷ್ಟು ಸಿಕ್ಕಮೇಲೆ ಉಳಿದದ್ದನ್ನು ಮೂರು ವಾರದಲ್ಲಿ ಬರೆದೆ.

ಮೊದಲು ಕೊಟ್ಟ ಪ್ರಕಾಶಕರು ಒಂದು ವರ್ಷ ಸುಮ್ನೆ ಇಟ್ಟುಕೊಂಡರು. ಎರಡನೆಯವರು ಒಪ್ಪಿದರು. ಆದರೆ ಡಿಟಿಪಿ ಮುಗಿದಾಗ 171 ಪುಟ. ಪುಸ್ತಕ ಅಚ್ಚಾಗುವುದು ಫಾರಂ ಅನ್ನುವ ದೊಡ್ಡ ಹಾಳೆಗಳಲ್ಲಿ. ಒಂದು ಫಾರಂಗೆ 16 ಪುಟ, ಹತ್ತು ಫಾರಂ ದಾಟುವ ಹಾಗಿರಲಿಲ್ಲ. 11 ಪುಟ ತೆಗೆದೆ. ಹೆಚ್ಚಿನದು ನಾನು ಆಸೆಪಟ್ಟು ಬರೆದ ಬಸವನಗುಡಿಯ ವರ್ಣನೆ. ತುಂಬಾ ಬೇಜಾರಾಯಿತು. ಸಿಪ್ಪೆಯ ಸದ್ದನ್ನು ಮಾತ್ರ ಬಿಡಲಿಲ್ಲ.