"ಬಟ್ಟೆ ಯಾವ ದುಡ್ಡಲ್ಲಿ ತರ್ತೀರಿ?"

ಹಿರಿಯಡ್ಕದಲ್ಲಿ ನನ್ನದೊಂದು ಸಣ್ಣ ಹೊಲಿಗೆ ಘಟಕ ಇದೆ. ಬೆಡ್‌ಶೀಟ್, ದಿಂಬಿನ ಕವರ್, ಲ್ಯಾಬ್ ಕೋಟ್ ಹೊಲಿಯುತ್ತೇವೆ. ನನ್ನ ಜೊತೆ ನಾಲ್ಕು ಜನ ಹೆಂಗಸರು ಕೆಲಸ ಮಾಡುತ್ತಾರೆ. ಅದಕ್ಕೂ ಮೊದಲು ಒಂಬತ್ತು ವರ್ಷ ಉಡುಪಿ ಪೇಟೆಯ ಟೈಲರ್ ಅಂಗಡಿಯಲ್ಲಿ ಕೂಲಿಗೆ ಹೊಲಿಯುತ್ತಿದ್ದೆ. "ಅಕ್ಕಾ, ಸರ್ಕಾರದ ಸಾಲ ಹೇಗೆ ಸಿಕ್ಕಿತು?" ಅಂತ ತುಂಬಾ ಜನ ಕೇಳುತ್ತಾರೆ. ಫೋನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸಾಲ ತೆಗೆದದ್ದು ಪಿಎಂಇಜಿಪಿ ಯೋಜನೆಯಲ್ಲಿ. ಪ್ರಧಾನ ಮಂತ್ರಿ ಉದ್ಯೋಗ ಸೃಜನೆ ಕಾರ್ಯಕ್ರಮ ಅಂದರೆ ಅದೇ, 2008ರಿಂದ ಇದೆ. ಆದರೆ ಅರ್ಜಿ ಹಾಕುವ ಮೊದಲೇ ಬ್ರಹ್ಮಾವರದ ರುಡ್‌ಸೆಟ್ ಅನ್ನುವ ಸ್ವಉದ್ಯೋಗ ತರಬೇತಿ ಸಂಸ್ಥೆಗೆ ಹೋಗಿದ್ದೆ. ನನ್ನ ದಾರಿ ನೇರ ಆಗಿದ್ದು ಅಲ್ಲಿ. ರುಡ್‌ಸೆಟ್ ಮೊದಲು ಶುರುವಾಗಿದ್ದು ನಮ್ಮ ಪಕ್ಕದ ಉಜಿರೆಯಲ್ಲಿ, 1982ರಲ್ಲಿ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಮಾಡಿದ್ದು. ಇವತ್ತು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿ ಅನ್ನುವ ತರಬೇತಿ ಕೇಂದ್ರಗಳಿಗೆ ಅದೇ ಮಾದರಿ. ತರಬೇತಿ, ಊಟ, ವಸತಿ ಎಲ್ಲ ಉಚಿತ. ಮನೆ ಬಾಗಿಲಲ್ಲೇ ಇಂಥದ್ದು ಇದ್ದೂ ನಮ್ಮವರು ಎಷ್ಟೋ ಜನ ಆ ಕಡೆ ಹೋಗುವುದೇ ಇಲ್ಲ. ನನಗೆ ಅದು ಬೇಜಾರು.

ತರಬೇತಿಗೆ ಹೋಗುವಾಗ ನನ್ನ ಕೈಯಲ್ಲಿ ಒಂದು ಲೆಕ್ಕದ ಹಾಳೆ ಇತ್ತು. ನಾಲ್ಕು ಪವರ್ ಮೆಷಿನ್, ಒಂದು ಓವರ್‌ಲಾಕ್, ಕಟಿಂಗ್ ಟೇಬಲ್, ಇಸ್ತ್ರಿ, ವಯರಿಂಗ್, ಎಲ್ಲ ಸೇರಿ 5 ಲಕ್ಷ. ಅಷ್ಟೇ. ಅಲ್ಲಿನ ಸರ್ ಹಾಳೆ ನೋಡಿ ಒಂದೇ ಮಾತು ಕೇಳಿದರು: "ಮೆಷಿನ್ ಆಯ್ತಮ್ಮಾ, ಬಟ್ಟೆ ಯಾವ ದುಡ್ಡಲ್ಲಿ ತರ್ತೀರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಟೈಲರ್ ಅಂಗಡಿಯಲ್ಲಿ ಬಟ್ಟೆ ಗಿರಾಕಿಯೇ ತರುತ್ತಾರೆ ಅಲ್ವಾ? ನನಗೆ ಅದೇ ರೂಢಿ.

ಅವರು ಬೋರ್ಡಿನ ಮೇಲೆ ಬರೆಯುತ್ತಾ ಹೋದರು. 600 ಬೆಡ್‌ಶೀಟಿನ ಆರ್ಡರ್ ಬಂತು ಅಂತ ಇಟ್ಟುಕೊಳ್ಳಿ. ಒಂದಕ್ಕೆ 220 ರೂಪಾಯಿಯ ಬಟ್ಟೆ. ಅಲ್ಲಿಗೇ 1,32,000. ಈರೋಡಿನ ವ್ಯಾಪಾರಿ ಹೊಸಬರಿಗೆ ಕಡ ಕೊಡುವುದಿಲ್ಲ, ಮೊದಲೇ ದುಡ್ಡು ಹಾಕಬೇಕು. ನಾಲ್ಕು ಜನರಿಗೆ ತಿಂಗಳಿಗೆ 12,000ದಂತೆ ಎರಡು ತಿಂಗಳ ಸಂಬಳ 96,000. ನೂಲು, ಕರೆಂಟು, ಗಾಡಿ ಬಾಡಿಗೆ 20,000. ಒಟ್ಟು 2,48,000. ಮಾಲು ಕೊಟ್ಟ ಮೇಲೆ ಬಿಲ್ ಪಾಸಾಗಿ ದುಡ್ಡು ಬರುವವರೆಗೆ ಇಷ್ಟು ಹಣ ಹೊರಗೇ ಇರುತ್ತದೆ. "ಮೆಷಿನ್ ತಂದು ಬಾಗಿಲು ಹಾಕಿದವರನ್ನು ನಾನು ನೋಡಿದ್ದೇನೆ. ಅವರಿಗೆ ಹೊಲಿಯಲು ಬರದೆ ಅಲ್ಲ" ಅಂದರು.

ಆ ರಾತ್ರಿ ಹಾಸ್ಟೆಲಿನಲ್ಲಿ ಕೂತು ಹಾಳೆ ಮತ್ತೆ ಬರೆದೆ. ಮೆಷಿನ್ ಇತ್ಯಾದಿ 5 ಲಕ್ಷ, ದುಡಿಯುವ ಬಂಡವಾಳ 3 ಲಕ್ಷ. ಒಟ್ಟು 8 ಲಕ್ಷ.

ಪಿಎಂಇಜಿಪಿಯಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷದವರೆಗೆ, ಸೇವೆಗೆ 20 ಲಕ್ಷದವರೆಗೆ ಯೋಜನಾ ವೆಚ್ಚ ತೋರಿಸಬಹುದು. ಸಾಮಾನ್ಯ ವರ್ಗದವರಿಗೆ ಪೇಟೆಯಲ್ಲಿ 15, ಹಳ್ಳಿಯಲ್ಲಿ 25 ಶೇಕಡ ಸಬ್ಸಿಡಿ. ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಅಂಗವಿಕಲರಿಗೆ ಪೇಟೆಯಲ್ಲಿ 25, ಹಳ್ಳಿಯಲ್ಲಿ 35. ನಾನು ಉಡುಪಿ ನಗರಸಭೆಯ ಒಳಗೆ ಬಾಡಿಗೆ ಕೋಣೆ ನೋಡಿದ್ದೆ. ಈ ಲೆಕ್ಕ ತಿಳಿದ ಮೇಲೆ ಹಿರಿಯಡ್ಕಕ್ಕೆ ಬಂದೆ. ಬಾಡಿಗೆಯೂ ಕಡಿಮೆ, 8 ಲಕ್ಷಕ್ಕೆ 80,000 ರೂಪಾಯಿ ಸಬ್ಸಿಡಿಯೂ ಜಾಸ್ತಿ. ಗ್ರಾಮೀಣ ಪ್ರದೇಶ ಅಂತ ಪಂಚಾಯತಿಯಿಂದ ಪತ್ರ ತಂದೆ.

ನನ್ನ ಪಾಲು 5 ಶೇಕಡ, ಅಂದರೆ 40,000. ಅದು ಬಂದದ್ದು ಪಿಗ್ಮಿಯಿಂದ. ಸೊಸೈಟಿಯ ಪಿಗ್ಮಿಯವರು ದಿನಾ ಅಂಗಡಿಗೆ ಬರುತ್ತಿದ್ದರು, 50 ರೂಪಾಯಿ ಹಾಕುತ್ತಿದ್ದೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ನಮ್ಮ ಉಡುಪಿಯಲ್ಲೇ ಶುರು ಮಾಡಿದ ಪದ್ಧತಿ ಅದು. ದಿನದ ದುಡಿಮೆಯವರಿಗೆ ಇದಕ್ಕಿಂತ ಒಳ್ಳೆಯ ಉಳಿತಾಯ ನಾನು ಕಂಡಿಲ್ಲ.

ಸಬ್ಸಿಡಿ ವಿಷಯದಲ್ಲಿ ಎಲ್ಲರೂ ತಪ್ಪು ತಿಳಿಯುವುದು ಒಂದಿದೆ. ಆ ದುಡ್ಡು ಕೈಗೆ ಬರುವುದಿಲ್ಲ. ಬ್ಯಾಂಕು ನನಗೆ ಕೊಟ್ಟದ್ದು 7,60,000 ಸಾಲ. ಸರ್ಕಾರದ 2,80,000 ಅದೇ ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಕೂರುತ್ತದೆ. ಅದಕ್ಕೆ ಬಡ್ಡಿ ಸಿಗುವುದಿಲ್ಲ, ಸಾಲದಲ್ಲಿ ಅಷ್ಟು ಭಾಗಕ್ಕೆ ನಾವು ಬಡ್ಡಿ ಕಟ್ಟುವುದೂ ಇಲ್ಲ. ಮೂರು ವರ್ಷ ಘಟಕ ಸರಿಯಾಗಿ ನಡೆದರೆ ಸಾಲಕ್ಕೆ ವಜಾ ಆಗುತ್ತದೆ. ಇನ್ನೊಂದು ಮಾತು. ದುಡಿಯುವ ಬಂಡವಾಳಕ್ಕೆ ಕೊಡುವ ಕ್ಯಾಶ್ ಕ್ರೆಡಿಟ್ಟನ್ನು (ಬೇಕಾದಾಗ ತೆಗೆದು ಮತ್ತೆ ಕಟ್ಟುವ ಸಾಲ) ಈ ಮೂರು ವರ್ಷದಲ್ಲಿ ಒಮ್ಮೆಯಾದರೂ ಪೂರ್ತಿ ಬಳಸಿರಬೇಕು. ಸಾಲ ಅಂತ ಹೆದರಿ ಮುಟ್ಟದೇ ಇಟ್ಟರೆ ಸಬ್ಸಿಡಿಯಲ್ಲಿ ಕಡಿತ ಆಗುತ್ತದೆ.

ಅರ್ಜಿ ಆನ್‌ಲೈನ್. ನಾನು ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕ ಹಾಕಿದೆ. ನಮ್ಮ ಜಿಲ್ಲೆಯದ್ದು ಮಣಿಪಾಲದಲ್ಲಿದೆ. ಅಲ್ಲಿ ಕೂತು ಕೇಳಿದರೆ ಹೇಳಿಕೊಡುತ್ತಾರೆ, ಸಂಕೋಚ ಬೇಡ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಘಟಕ ಅಂತ ಸರ್ಕಾರದಲ್ಲಿ ಮಾಡಿಸುವ ದಾಖಲೆಯನ್ನು ಮಾತ್ರ ನಾನು 1,500 ರೂಪಾಯಿ ಕೊಟ್ಟು ಮಾಡಿಸಿದ್ದೆ. ಅದು ಪೂರ್ತಿ ಉಚಿತ. ಆಧಾರ್ ಮತ್ತು ಪಾನ್ ಇದ್ದರೆ ಸರ್ಕಾರದ ಜಾಲತಾಣದಲ್ಲಿ ಸ್ವಲ್ಪ ಹೊತ್ತಿನಲ್ಲಿ ನಾವೇ ಮಾಡಿಕೊಳ್ಳಬಹುದು. ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ.

ಮೊದಲು ಹೋದ ಬ್ಯಾಂಕ್ ಶಾಖೆಯಲ್ಲಿ ಮನೆಯ ಆರ್‌ಟಿಸಿ ತನ್ನಿ, ಜಾಗ ಅಡ ಇಡಬೇಕು ಅಂದರು. ಜಾಗ ಇರುವುದು ಅತ್ತೆಯ ಹೆಸರಲ್ಲಿ. ಮನೆಗೆ ಬಂದು ಅತ್ತಿದ್ದೆ. ಆಮೇಲೆ ಬ್ರಹ್ಮಾವರದ ಸರ್‌ಗೆ ಫೋನ್ ಮಾಡಿದಾಗ ಗೊತ್ತಾಯಿತು, ಈ ಯೋಜನೆಯಲ್ಲಿ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳುವ ಹಾಗಿಲ್ಲ. ಅದು ರಿಸರ್ವ್ ಬ್ಯಾಂಕಿನ ನಿಯಮ. ಇನ್ನೊಂದು ಶಾಖೆಗೆ ಹೋದೆ. ಅಲ್ಲಿನ ಮ್ಯಾನೇಜರ್ ಮೇಡಂ ನನ್ನ ಲೆಕ್ಕದ ಹಾಳೆಯನ್ನು ಎರಡು ಸಲ ಓದಿದರು. "ಇದು ನೀವೇ ಬರೆದದ್ದಾ?" ಅಂತ ಕೇಳಿದರು. ಹೌದು ಅಂದೆ. 600 ಬೆಡ್‌ಶೀಟಿನ ಲೆಕ್ಕವನ್ನು ಬಾಯಲ್ಲೇ ಹೇಳಿದೆ. ಮೂರು ವಾರದಲ್ಲಿ ಸಾಲ ಮಂಜೂರಾಯಿತು. ಯಾರೋ ಬರೆದುಕೊಟ್ಟ ಪ್ರಾಜೆಕ್ಟ್ ರಿಪೋರ್ಟ್ ಇಟ್ಟುಕೊಂಡು ಹೋಗಿದ್ದರೆ ಆ ಪ್ರಶ್ನೆಗಳಿಗೆ ನನಗೆ ಉತ್ತರ ಬರುತ್ತಿರಲಿಲ್ಲ.

ಕೆಲಸ ಶುರುವಾದ ಮೇಲೆ ಮಾರುಕಟ್ಟೆಯ ಪ್ರಶ್ನೆ. ಸರ್ಕಾರಿ ಖರೀದಿಗೆ ಜೆಮ್ ಅಂತ ಜಾಲತಾಣ ಇದೆ, 2016ರಿಂದ. ಕೇಂದ್ರದ ಇಲಾಖೆಗಳು, ಕಂಪನಿಗಳು ತಮ್ಮ ವರ್ಷದ ಖರೀದಿಯಲ್ಲಿ 25 ಶೇಕಡ ಸಣ್ಣ ಘಟಕಗಳಿಂದ ಮಾಡಬೇಕು, ಅದರಲ್ಲಿ 3 ಶೇಕಡ ಮಹಿಳೆಯರ ಘಟಕಗಳಿಂದ. ನಮಗೆ ಟೆಂಡರ್ ಠೇವಣಿಯೂ ಇಲ್ಲ. ಹೆಚ್ಚು ಉಪಯೋಗಕ್ಕೆ ಬಂದದ್ದು ಇನ್ನೊಂದು ಸೌಲಭ್ಯ. ಅತಿ ಕಡಿಮೆ ದರ ಹಾಕಿದವರು ಸಣ್ಣ ಘಟಕದವರಲ್ಲದಿದ್ದರೆ, ನಮ್ಮ ದರ ಅದಕ್ಕಿಂತ 15 ಶೇಕಡದ ಒಳಗೆ ಜಾಸ್ತಿ ಇದ್ದರೂ ಅವರ ದರಕ್ಕೆ ಇಳಿದು ಆರ್ಡರಿನ ಒಂದು ಪಾಲು ಪಡೆಯಬಹುದು. ನನ್ನ ಮೊದಲ ಸರ್ಕಾರಿ ಆರ್ಡರ್ ಹಾಗೇ ಬಂದದ್ದು. ಆದರೆ ಇಳಿಯುವ ಮೊದಲು ನಮ್ಮ ಅಸಲು ಎಷ್ಟು ಅಂತ ಪೈಸೆ ಲೆಕ್ಕದಲ್ಲಿ ಗೊತ್ತಿರಬೇಕು.

ಅದಕ್ಕೂ ಮೊದಲಿನ ಎರಡು ಬಿಡ್ ಕೈತಪ್ಪಿತ್ತು. ದರ ಮಾತ್ರ ನೋಡಿದ್ದೆ, ಜೊತೆಗಿದ್ದ ಷರತ್ತಿನ ಪುಟ ಓದಿರಲಿಲ್ಲ. ಬಟ್ಟೆಯ ಜಿಎಸ್ಎಂ (ಒಂದು ಚದರ ಮೀಟರಿನ ತೂಕ) ಎಷ್ಟಿರಬೇಕು, ಒಗೆದರೆ ಎಷ್ಟು ಕುಗ್ಗಬಹುದು, ಎಲ್ಲ ಅಲ್ಲೇ ಇರುತ್ತದೆ. ಈಗ ಹೊಸ ಥಾನು ಬಂದರೆ ಒಂದು ಶೀಟ್ ಹೊಲಿದು ಐದು ಸಲ ಬಿಸಿನೀರಲ್ಲಿ ಒಗೆದು ಟೇಪು ಹಿಡಿಯುತ್ತೇನೆ. ಒಮ್ಮೆ 90 ಇಂಚಿನ ಶೀಟ್ 86ಕ್ಕೆ ಬಂತು. ಆ ಥಾನು ವಾಪಸ್ ಕಳಿಸಿದೆ. ಜೋರು ಮಳೆಯ ಆಟಿ ತಿಂಗಳಲ್ಲಂತೂ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ಬಿಟ್ಟು ಪೇರಿಸುತ್ತೇವೆ.

2024ರ ಮಳೆಗಾಲದಲ್ಲಿ ಒಂದು ದೊಡ್ಡ ಖಾಸಗಿ ಸಂಸ್ಥೆಗೆ ಮಾಲು ಕೊಟ್ಟೆ. ಆರ್ಡರಿನಲ್ಲಿ 30 ದಿನ ಅಂತ ಬರೆದಿತ್ತು. 110 ದಿನ ಆದರೂ ದುಡ್ಡು ಬರಲಿಲ್ಲ. ಫೋನ್ ಮಾಡಿದರೆ "ಅಕೌಂಟ್ಸಿಗೆ ಹೋಗಿದೆ ಮೇಡಂ" ಅನ್ನುತ್ತಿದ್ದರು. ಆ 3 ಲಕ್ಷದ ಬಂಡವಾಳ ಇಲ್ಲದಿದ್ದರೆ ಚೌತಿಯ ಹೊತ್ತಿಗೆ ನಾಲ್ಕು ಮನೆಗೆ ಸಂಬಳ ಇರುತ್ತಿರಲಿಲ್ಲ.

ಕೊನೆಗೆ ಒಂದು ಕಾಗದ ಬರೆದೆ. ಜಗಳ ಇಲ್ಲ, ಬೇಡಿಕೊಳ್ಳುವುದೂ ಇಲ್ಲ. ಬಿಲ್ ನಂಬರ್, ಮಾಲು ತಲುಪಿದ ತಾರೀಕು, ನನ್ನ ಉದ್ಯಮ್ ನಂಬರ್. ಸಣ್ಣ ಘಟಕಗಳಿಗಾಗಿ ಇರುವ 2006ರ ಎಂಎಸ್ಎಂಇ ಕಾಯಿದೆಯ ಪ್ರಕಾರ ಏನೇ ಒಪ್ಪಂದ ಇದ್ದರೂ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆಗಿನ ಆದಾಯ ತೆರಿಗೆ ಕಾಯಿದೆಯ 43ಬಿ(ಎಚ್) ಕಲಮಿನ ಪ್ರಕಾರ ಸಣ್ಣ ಘಟಕಕ್ಕೆ ಹೀಗೆ ಬಾಕಿ ಇಟ್ಟ ಹಣವನ್ನು ಕೊಡುವವರೆಗೆ ಅವರು ಖರ್ಚಿಗೆ ತೋರಿಸುವ ಹಾಗಿಲ್ಲ. ಹದಿನೈದು ದಿನದಲ್ಲಿ ಬಾರದಿದ್ದರೆ ಇಂಥ ಬಾಕಿಗೆಂದೇ ಸರ್ಕಾರ ಮಾಡಿದ ಸಮಾಧಾನ್ ಪೋರ್ಟಲಿನಲ್ಲಿ ದೂರು ಕೊಡುತ್ತೇನೆ ಅಂತ ಕೊನೆಯ ಸಾಲು. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ, ಒಂದು ಪ್ರತಿ ಅವರ ಅಕೌಂಟ್ಸ್ ವಿಭಾಗಕ್ಕೆ.

ಹನ್ನೊಂದನೇ ದಿನ ಅಸಲು ಪೂರ್ತಿ ಬಂತು. ಬಡ್ಡಿ ನಾನು ಕೇಳಲಿಲ್ಲ. ಆ ಸಂಸ್ಥೆ ಈಗಲೂ ನನ್ನ ಗಿರಾಕಿ. ಅವರಿಗೆ ಕೊಡುವ ಪ್ರತಿ ಬಿಲ್ಲಿನ ಮೇಲೆ ಉದ್ಯಮ್ ನಂಬರ್ ದಪ್ಪ ಅಕ್ಷರದಲ್ಲಿ ಇರುತ್ತದೆ, ಕೆಳಗೆ ದುಡ್ಡು ಬರಬೇಕಾದ ತಾರೀಕು.