ಖಳನಾಯಕನಿಗೆ ಏನೋ ಬೇಕಿರುತ್ತದೆ

ನನ್ನ ಕಾದಂಬರಿಯಲ್ಲಿ ಆಸ್ತಿಗಾಗಿ ತಮ್ಮನ ಬೆನ್ನುಬಿದ್ದ ಅಣ್ಣನೊಬ್ಬ ಇದ್ದಾನೆ. ಅವನನ್ನು ಕಟ್ಟುವ ಮೊದಲು ಹಳೆಯ ಕಾದಂಬರಿಗಳ ಖಳರನ್ನು ಪೆನ್ಸಿಲ್ ಹಿಡಿದು ಮತ್ತೆ ಓದಿದೆ. ಪ್ರತಿ ಅಧ್ಯಾಯದ ಪಕ್ಕ ಒಂದೇ ಪ್ರಶ್ನೆ: ಇಲ್ಲಿ ಯಾರಿಗೆ ಏನು ಬೇಕು? ಖಳನ ವಿಷಯದಲ್ಲಿ ಉತ್ತರ ತಕ್ಷಣ ಸಿಗುತ್ತಿತ್ತು. ಅವನಿಗೆ ಬೇಕಾದ್ದು ಮೊದಲೇ ಗೊತ್ತು, ಅದಕ್ಕಾಗಿ ಹೊರಟೂಬಿಟ್ಟಿರುತ್ತಾನೆ. ನಾಯಕ ಎಷ್ಟೋ ಸಲ ಅವನನ್ನು ತಡೆಯುವುದರಲ್ಲೇ ಇರುತ್ತಾನೆ. ಹೊರಟವನ ಮೇಲೆ ತಾನೇ ನಮ್ಮ ಕಣ್ಣು?

ನನಗೆ ಜಾಸ್ತಿ ಕಲಿಸಿದವನು 1883ರಲ್ಲಿ ಪುಸ್ತಕವಾಗಿ ಬಂದ ಸ್ಟೀವನ್‌ಸನ್‌ನ 'ಟ್ರೆಷರ್ ಐಲ್ಯಾಂಡ್'ನ ಕಡಲುಗಳ್ಳ ಲಾಂಗ್ ಜಾನ್ ಸಿಲ್ವರ್. ಒಂಟಿಕಾಲು, ಹೆಗಲ ಮೇಲೆ ಗಿಳಿ, ಇದೆಲ್ಲ ಎಲ್ಲರಿಗೂ ನೆನಪಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಸೇಬಿನ ಪೀಪಾಯಿಯ ಸನ್ನಿವೇಶ. ಹುಡುಗ ಜಿಮ್ ಪೀಪಾಯಿಯೊಳಗೆ ಕೂತಿದ್ದಾನೆ. ಹೊರಗೆ ಸಿಲ್ವರ್ ಒಬ್ಬ ಎಳೆಯ ನಾವಿಕನನ್ನು ದಂಗೆಗೆ ಒಲಿಸುತ್ತಿದ್ದಾನೆ. ಹಿಂದೆ ಜಿಮ್‌ನನ್ನು ಹೊಗಳಿದ್ದ ಅದೇ ಮಾತುಗಳಲ್ಲಿ! ಜೀವಕ್ಕೆ ಅಪಾಯವಿದೆ ಅನ್ನುವ ಭಯದ ನಡುವೆಯೂ ಆ ಹುಡುಗನಿಗೆ ಚುಚ್ಚುವುದು ಇದು. ನಮಗೂ ಚುಚ್ಚುತ್ತದೆ, ಯಾಕೆಂದರೆ ಅಷ್ಟು ಹೊತ್ತಿಗೆ ನಾವೂ ಸಿಲ್ವರ್‌ನನ್ನು ಇಷ್ಟಪಟ್ಟಿರುತ್ತೇವೆ. ಬರೀ ಕ್ರೂರಿಯಾಗಿದ್ದರೆ ಈ ನೋವು ಆಗುತ್ತಲೇ ಇರಲಿಲ್ಲ.

ಹಾಗಾಗಿ ನನ್ನ ಅಣ್ಣನಿಗೆ ನಿಜವಾದ ಪ್ರೀತಿ ಕೊಟ್ಟೆ. ಸಹಿ ಹಾಕಿಸಿಕೊಳ್ಳಲು ಬಂದ ರಾತ್ರಿ, ಜಗಲಿಯಲ್ಲೇ ನಿದ್ದೆಹೋದ ತಮ್ಮನ ಮಗಳನ್ನು ಎಚ್ಚರವಾಗದ ಹಾಗೆ ಎತ್ತಿ ಒಳಗೆ ಮಲಗಿಸುತ್ತಾನೆ. ಹೊದಿಕೆ ಸರಿಮಾಡುತ್ತಾನೆ. ಆಮೇಲೆ ಹೊರಬಂದು ಕಾಗದ ಬಿಚ್ಚುತ್ತಾನೆ. ಅದು ನಟನೆ ಅಂತ ನಾನು ಎಲ್ಲೂ ಬರೆದಿಲ್ಲ, ಯಾಕೆಂದರೆ ಅದು ನಟನೆಯಲ್ಲ.

ಅವನ ಮನಸ್ಸಿನೊಳಗೆ ಮಾತ್ರ ನಾನು ಹೋಗಲಿಲ್ಲ. ಇದು 1897ರ 'ಡ್ರಾಕುಲಾ'ದಿಂದ ಬಂದ ಧೈರ್ಯ. ಆ ಕಾದಂಬರಿಯ ತುಂಬಾ ಬೇರೆಯವರ ದಿನಚರಿ, ಪತ್ರಗಳು. ಡ್ರಾಕುಲಾನ ದಿನಚರಿ ಮಾತ್ರ ಇಲ್ಲ. ಕೋಟೆಯ ಮೊದಲ ಅಧ್ಯಾಯಗಳು ಮುಗಿದ ಮೇಲೆ ಅವನು ಕಾಣಿಸಿಕೊಳ್ಳುವುದೂ ಅಪರೂಪ. ಆದರೂ ಪ್ರತಿ ಪುಟದಲ್ಲಿ ಅವನದೇ ಭಯ. ಹೇಳದೆ ಬಿಟ್ಟ ಜಾಗವನ್ನು ಓದುಗರೇ ತುಂಬಿಕೊಳ್ಳುತ್ತಾರೆ. ನಾಯಕನಿಗೆ ಈ ಅನುಕೂಲ ಕಡಿಮೆ. ಅವನ ದುಃಖ, ಅನುಮಾನ ಎಲ್ಲವನ್ನೂ ನಾವು ಬಿಡಿಸಿ ಹೇಳಿಬಿಟ್ಟಿರುತ್ತೇವೆ.

ಕೊನೆಗೆ ಅಣ್ಣನಿಗೆ ಶಿಕ್ಷೆ ಕೊಡಬೇಕೇ ಅನ್ನುವ ಪ್ರಶ್ನೆ ಬಂತು. ಸಿಲ್ವರ್ ಒಂದು ಚೀಲ ನಾಣ್ಯ ಎತ್ತಿಕೊಂಡು ಹಡಗಿನಿಂದ ಪರಾರಿಯಾಗುತ್ತಾನೆ, ಮತ್ತೆ ಕೈಗೆ ಸಿಗುವುದಿಲ್ಲ. ನಾನೂ ಅಣ್ಣನಿಗೆ ಮನೆ ಕೊಟ್ಟೆ. ತಮ್ಮನ ಮಗಳು ಮಾತ್ರ ಆಮೇಲೆ ಆ ಮನೆಗೆ ಬರುವುದಿಲ್ಲ.