ಎಂಟು ಕಾಳು, ಮೂರು ಪ್ರಶ್ನೆ

ಕೊಪ್ಪಳ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ನಾನು 4 ಮತ್ತು 5ನೇ ತರಗತಿಗೆ ಗಣಿತ, ಪರಿಸರ ಅಧ್ಯಯನ ಕಲಿಸುತ್ತೇನೆ. ಕಂಪ್ಯೂಟೇಶನಲ್ ಥಿಂಕಿಂಗ್ (ಸಮಸ್ಯೆಯನ್ನು ಹಂತ ಹಂತವಾಗಿ ಬಿಡಿಸುವ ಯೋಚನೆಯ ರೀತಿ) ಅಂದ ಕೂಡಲೇ ‘ನಮ್ಮಲ್ಲಿ ಕಂಪ್ಯೂಟರೇ ಇಲ್ಲವಲ್ಲ’ ಅನ್ನುವ ಶಿಕ್ಷಕರು ಜಾಸ್ತಿ. ಕಂಪ್ಯೂಟರ್ ಬೇಕಾಗಿಲ್ಲ. ಓದು, ಬರಹ, ಲೆಕ್ಕದ ಹಾಗೆ ಇದೂ ಎಲ್ಲ ಮಕ್ಕಳಿಗೂ ಬೇಕು ಅಂತ ವಿಜ್ಞಾನಿ ಜೀನೆಟ್ ವಿಂಗ್ 2006ರಲ್ಲೇ ಬರೆದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಇದರ ಪ್ರಸ್ತಾಪ ಇದೆ. ದೊಡ್ಡ ಸಮಸ್ಯೆಯನ್ನು ಒಡೆಯುವುದು, ಬೇಡದ್ದನ್ನು ಬಿಡುವುದು, ಯಾರು ಮಾಡಿದರೂ ಅದೇ ಉತ್ತರ ಬರುವ ಹಾಗೆ ಹಂತ ಬರೆಯುವುದು. ಇವಿಷ್ಟನ್ನು ಮೊದಲು ಹಿಡಿಯಿರಿ.

ಕಾಳುಗಳಿಂದ ಶುರು ಮಾಡಿ. ಗಂಗಾವತಿ ಕಡೆ ಭತ್ತ ಸಿಗುತ್ತದೆ, ಕುಷ್ಟಗಿ, ಯಲಬುರ್ಗಾ ಕಡೆ ಸಜ್ಜೆ, ಕಡಲೆ. ಜೋಳ, ಸಜ್ಜೆ, ಭತ್ತ, ಗೋಧಿ, ತೊಗರಿ, ಹೆಸರು, ಕಡಲೆ, ಶೇಂಗಾ, ಹೀಗೆ ಎಂಟನ್ನು ಮಕ್ಕಳಿಂದಲೇ ತರಿಸಿ. ಒಂದು ಪಾಲು ಒಣದೇ ಇರಲಿ, ಇನ್ನೊಂದು ಪಾಲನ್ನು ಹಿಂದಿನ ಸಂಜೆಯೇ ನೆನೆಹಾಕಿ.

ನೀವು ಒಂದು ಕಾಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಹೌದು ಅಥವಾ ಇಲ್ಲ ಅಂತಷ್ಟೇ ಉತ್ತರ ಬರುವ ಪ್ರಶ್ನೆಗಳಿಂದ ಮಕ್ಕಳು ಅದನ್ನು ಹಿಡಿಯಬೇಕು. ಮೊದಲು ‘ಜೋಳಾನಾ? ಗೋಧಿನಾ?’ ಅಂತ ಒಂದೊಂದೇ ಹೆಸರು ಬರುತ್ತದೆ. ಬರಲಿ ಬಿಡಿ. ‘ಇಲ್ಲ’ ಅಂದಾಗ ಎಷ್ಟು ಕಾಳು ಉಳಿದವು ಅಂತ ಬೋರ್ಡಿನ ಮೇಲೆ ಬರೆಯುತ್ತಾ ಹೋಗಿ: ಏಳು, ಆರು, ಐದು. ಒಂದೇ ಪ್ರಶ್ನೆಗೆ ಅರ್ಧ ಕಾಳು ಹೋಗುವ ಹಾಗೆ ಕೇಳಬಹುದಾ ಅಂತ ಆಗ ಕೇಳಿ. ನೆನೆದ ಕಾಳನ್ನು ಸಿಪ್ಪೆ ತೆಗೆದು ಒತ್ತಲು ಹೇಳಿ. ತೊಗರಿ, ಹೆಸರು, ಕಡಲೆ, ಶೇಂಗಾ ಎರಡು ಬೇಳೆ ಆಗುತ್ತವೆ. ಉಳಿದ ನಾಲ್ಕು ಆಗುವುದಿಲ್ಲ. ಏಕದಳ, ದ್ವಿದಳ ಪಾಠ ಇಲ್ಲೇ ಬಂತು, ಅಲ್ವಾ?

ಎರಡನೇ ಪ್ರಶ್ನೆಗೆ ನಾಲ್ಕು ಎರಡಾಗಬೇಕು. ‘ದೊಡ್ಡದಾ?’ ಅಂತ ಒಬ್ಬರು ಕೇಳಿದರೆ ಇನ್ನೊಬ್ಬರು ತಡೆಯುತ್ತಾರೆ: ‘ದೊಡ್ಡದು ಅಂದ್ರ ಯಾವುದಕ್ಕಿಂತ ದೊಡ್ಡದ್ರೀ ಸರ?’ ಈ ಪ್ರಶ್ನೆ ಬಂದ ದಿನ ಪಾಠ ಅರ್ಧ ಮುಗಿದ ಹಾಗೆ. ‘ತೊಗರಿಗಿಂತ ದೊಡ್ಡದಾ?’ ಅಂತ ತಿದ್ದಿಕೊಳ್ಳುತ್ತಾರೆ. ಅಷ್ಟರಲ್ಲಿ ನೆನೆದ ತೊಗರಿ ಉಬ್ಬಿರುವುದು ಯಾರದೋ ಕಣ್ಣಿಗೆ ಬೀಳುತ್ತದೆ. ಪ್ರಶ್ನೆಗೆ ‘ಒಣ ಕಾಳು’ ಅಂತ ಸೇರುತ್ತದೆ. ಕೊನೆಗೆ ಕಡಲೆಗೆ ಚೂಪು ಮೂಗಿದೆ, ಶೇಂಗಾಕ್ಕೆ ಇಲ್ಲ. ಬೇಳೆ ಆಗದ ನಾಲ್ಕರಲ್ಲಿ ಗೋಧಿಗೆ ಉದ್ದಕ್ಕೂ ಸೀಳುಗೆರೆ ಇದೆ. ಎಂಟು, ನಾಲ್ಕು, ಎರಡು, ಒಂದು. ಮೂರೇ ಪ್ರಶ್ನೆ.

ಈ ಪ್ರಶ್ನೆಗಳನ್ನು ಕವಲೊಡೆಯುವ ಚಿತ್ರವಾಗಿ ಹಾಳೆಯಲ್ಲಿ ಬರೆಸಿ, ಇನ್ನೊಂದು ಗುಂಪಿಗೆ ಕೊಡಿ. ಬರೆದವರು ಬಾಯಿ ಬಿಡಬಾರದು. ಓದಿದವರು ತಪ್ಪು ಕಾಳಿಗೆ ತಲುಪಿದರೆ, ಯಾವ ಪ್ರಶ್ನೆ ದಾರಿ ತಪ್ಪಿಸಿತು ಅಂತ ಎರಡೂ ಗುಂಪು ಸೇರಿ ಹುಡುಕಲಿ. ಪ್ರೋಗ್ರಾಂ ಬರೆಯುವವರು ದಿನಾ ಮಾಡುವ ಕೆಲಸ ಇದೇ.

ಗಣಿತದ ಅವಧಿಯಲ್ಲಿ ಅದೇ ಆಟವನ್ನು 1ರಿಂದ 100ರ ಸಂಖ್ಯೆಗಳಲ್ಲಿ ಆಡಿಸಿ. ‘50ಕ್ಕಿಂತ ಜಾಸ್ತಿನಾ?’ ಅಂತ ಅರ್ಧ ಮಾಡುತ್ತಾ ಹೋದರೆ ಏಳು ಪ್ರಶ್ನೆ ಸಾಕು. ಯಾಕೆ ಏಳು? 2ನ್ನು ಏಳು ಸಲ ಗುಣಿಸಿದರೆ 128, ಅದು 100ನ್ನು ದಾಟುತ್ತದೆ. ಆರು ಸಲಕ್ಕೆ 64 ಮಾತ್ರ.

5ನೇ ತರಗತಿಯವರಿಗೆ, ಒಂದು ವರ್ಷ ಲೀಪ್ ವರ್ಷವೋ ಅಲ್ಲವೋ ಅಂತ ಹೇಳುವ ಹಂತ ಬರೆಯಲು ಕೊಡಿ. ಸರಿಯಾದ ಹಂತ ಹೀಗಿದೆ. 4ರಿಂದ ಭಾಗವಾಗದಿದ್ದರೆ ಲೀಪ್ ವರ್ಷ ಅಲ್ಲ, ನಿಲ್ಲಿ. ಭಾಗವಾದರೆ 100ರಿಂದ ನೋಡಿ, ಆಗದಿದ್ದರೆ ಲೀಪ್ ವರ್ಷ, ನಿಲ್ಲಿ. ಅದರಿಂದಲೂ ಭಾಗವಾದರೆ 400ರಿಂದ ನೋಡಿ: ಆದರೆ ಲೀಪ್ ವರ್ಷ, ಇಲ್ಲದಿದ್ದರೆ ಅಲ್ಲ. ಇಲ್ಲಿ ಪರೀಕ್ಷಿಸುವ ವರ್ಷಗಳನ್ನು ಆರಿಸುವುದೇ ಮುಖ್ಯ. 2023, 2024 ಎರಡನ್ನೇ ನೋಡಿದರೆ ಸುಮ್ನೆ ‘4ರಿಂದ ಭಾಗಿಸಿ’ ಅಂತ ಬರೆದವರ ಹಂತವೂ ಸರಿ ಅನ್ನಿಸುತ್ತದೆ. 1900 ಹಾಕಿದಾಗ ಅದು ಬೀಳುತ್ತದೆ. ಆಮೇಲೆ 2000 ಹಾಕಿ. ಹಂತ ಕೆಡಿಸುವ ವರ್ಷವನ್ನು ಮಕ್ಕಳೇ ಹುಡುಕಿಕೊಡಲಿ, ಅದಕ್ಕೂ ಅಂಕ ಕೊಡಿ.

ಕಾಳಿನ ಪಾಠಕ್ಕೆ ಎರಡು ಅವಧಿ ಒಟ್ಟಿಗೆ ಇಟ್ಟುಕೊಳ್ಳಿ. ಸಂಖ್ಯೆಯ ಆಟಕ್ಕೆ ಹತ್ತು ನಿಮಿಷ ಸಾಕು.